ಪಾಂಡುವಿನ ಸೊನ್ನೆ

ಕದಂಬ ಬಸ್ಸು ಕಾಣಕೋಣದಲ್ಲಿ ಇಳಿಸಿದಾಗ
ಹನ್ನೊಂದೂ ಕಾಲು. ಚೌಕದಲ್ಲಿ ಮೀನಿನ ಹೆಂಗಸರು
ಕೊನೆಯ ಬಂಗಡೆಗೆ ದರ ಇಳಿಸುತ್ತಿದ್ದರು.
ಹಳೇ ಸುಂಕದ ಕಟ್ಟೆಯ ಹೆಂಚು ಅರ್ಧ ಹೋಗಿದೆ.
ಅದರೆದುರು, ಮೊಬೈಲ್ ರೀಚಾರ್ಜಿನ ಕೊಡೆಗೂ
ಕಬ್ಬಿನ ಹಾಲಿನ ಗಾಣಕ್ಕೂ ನಡುವೆ,
ನನ್ನಪ್ಪ ಕೆತ್ತಿದ ಕಲ್ಲು.

ಎದೆಮಟ್ಟ. ಅಷ್ಟೇ.
ದೊಡ್ಡದಿರುತ್ತದೆ ಅಂದುಕೊಂಡಿದ್ದೆ.
ಅಪ್ಪ ಹೇಳುವಾಗ ಕೈ ಎತ್ತುತ್ತಿದ್ದ ಎತ್ತರದಲ್ಲಿ
ಮುಕ್ಕಾಲು ಪಾಲು ಕುಡಿತದ್ದೇ ಇರಬೇಕು.
ಸುತ್ತ ಕಬ್ಬಿಣದ ಸರಪಳಿ, ಅದರ ಮೇಲೆ
ಯಾರದೋ ಒರೆಸುವ ಬಟ್ಟೆ ಒಣಗುತ್ತಿದೆ.
ಐದು ಹೆಸರು. ಕೆಳಗೆ ಇಸವಿ, ಅರವತ್ತೊಂದು.

ಕಲ್ಲು ನಿಂತದ್ದು ಅದಾಗಿ ಇಪ್ಪತ್ತೈದು ವರ್ಷಕ್ಕೆ.
ಕಲ್ಲುಕುಟಿಗ ದುರುಗಪ್ಪ, ಗುಳೇದಗುಡ್ಡದ ಕಡೆಯವ,
ಹೆದ್ದಾರಿಯ ಸೇತುವೆಗೆ ಕಲ್ಲೊಡೆಯಲು ಬಂದವ,
ಕನ್ನಡವೇ ಓದಲು ಬಾರದು, ನಾಗರಿ ಎಲ್ಲಿಂದ.
ಕಚೇರಿಯವರು ಒಂದು ಚೀಟಿ ಕೊಟ್ಟರು.
ಬಳ್ಳಿ ಬಿಡಿಸಿದಂತೆ ನೋಡಿ ನೋಡಿ ಇಳಿಸಿದ
ಹದಿನೇಳು ದಿನ.
"ಕಲ್ಲಿಗೆ ಯಾವ ಭಾಷಿ ಇರ್ತದವ್ವಾ,
ಹೊಡದ್ರ ಒಂದ ಸಪ್ಪಳ."

ಮೂರನೇ ಹೆಸರಲ್ಲಿ ತಪ್ಪಿದ.
ನಮ್ಮ ಸೊನ್ನೆ ಅಕ್ಷರದ ಮಗ್ಗುಲಲ್ಲಿ
ಕೋಳಿಮೊಟ್ಟೆಯಂತೆ ಧಾರಾಳವಾಗಿ ಕೂತಿರುತ್ತದೆ.
ಅವರದು ನೆತ್ತಿಯ ಮೇಲೆ, ಸಾಸಿವೆಯಷ್ಟು.
ಚೀಟಿಯ ಮೇಲಿನ ಆ ಚುಕ್ಕೆಯನ್ನು
ನೊಣದ ಹಿಕ್ಕೆಯೆಂದು ಉಗುರಲ್ಲಿ ಕೆರೆದುಬಿಟ್ಟ.
ಪಾಂಡು ಗಾವಕರ
ಪಾಡು ಗಾವಕರನಾಗಿ ನಿಂತ.

ಕಾರವಾರದಲ್ಲಿ ಒಂದನೇ ಇಯತ್ತೆಗೆ
ಅಂ ಅಃ ಹೇಳಿಕೊಡುವವಳು ನಾನು,
ಇಲ್ಲಿ ನಿಂತು ಗಟ್ಟಿಯಾಗಿ ಓದಿದೆ: ಪಾಡು.
ಕನ್ನಡದಲ್ಲಿ ಓದಿದರೆ ಅದೂ ತಪ್ಪಲ್ಲ.
ಗಾಣದ ಹುಡುಗ ತಿರುಗಿ ನೋಡಿದ.

ಅಪ್ಪನಿಗೆ ತಿಳಿದದ್ದು ಉದ್ಘಾಟನೆಯ ದಿನ.
ಕಾಯಿ ಒಡೆದು, ಬಾವುಟ ಏರಿ, ಭಾಷಣ ಮುಗಿದು,
ಹೆಗಲ ಮೇಲೆ ಗಂಟು ಹಾಕಿದ ಕೆಂಪು ಚೌಕಳಿ ಸೀರೆಯ
ಮುದುಕಿಯೊಬ್ಬಳು ಬಂದು ಐದೂ ಹೆಸರು ತಡವಿದಳು.
ಮೂರನೆಯದರಲ್ಲಿ ಬೆರಳು ಮೇಲೆ ಹೋಗಿ
ಅಲ್ಲೇ ಹುಡುಕುತ್ತ ಉಳಿಯಿತು.
ಓದು ಬಾರದವಳಿಗೆ ಯಾರು ಹೇಳಿದ್ದರೋ,
ಅಲ್ಲೊಂದು ಚುಕ್ಕೆ ಇರಬೇಕೆಂದು.
ಬೈಯಲಿಲ್ಲವಂತೆ. ಮಗನ ಹೆಸರನ್ನೊಮ್ಮೆ
ಬಾಯಲ್ಲಿ ಸರಿಮಾಡಿ ಹೇಳಿ, ಹೊರಟು ಹೋದಳಂತೆ.
ಅಪ್ಪ ಕೂಲಿಯ ಕೊನೆಯ ಕಂತು ಇಸಿದುಕೊಳ್ಳದೆ ಬಂದ.
ಅವ್ವ ಅದನ್ನು ಸಾಯುವತನಕ ಆಡಿಕೊಂಡಳು.

ನಮ್ಮೂರ ಕೆರೆಯ ಏರಿಯ ಮೇಲೊಂದು ವೀರಗಲ್ಲು,
ಮೂರು ಅಂತಸ್ತು: ಕೆಳಗೆ ದನ ಬಿಡಿಸುವ ಕಾಳಗ,
ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು,
ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವ.
ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ತಪ್ಪೂ ಇಲ್ಲ.
ಇಲ್ಲಿ ಬರೀ ಹೆಸರು.
ಎತ್ತಿಕೊಳ್ಳುವವರಿಲ್ಲ, ಮೇಲಂತಸ್ತಿಲ್ಲ,
ಹೇಗೆ ಬಿದ್ದರು, ಓಡುತ್ತಲೋ ನಿಂತೋ,
ಮೀನು ತರಲು ಹೋಗಿದ್ದಾಗಲೋ, ಅದೂ ಇಲ್ಲ.

ಅವನ ಉಳಿ ತಂದಿದ್ದೆ ಚೀಲದಲ್ಲಿ,
ಹಳೇ ಟವೆಲ್ಲಿನಲ್ಲಿ ಸುತ್ತಿ. ಒಂದೇ ಏಟು ಸಾಕಿತ್ತು.
ಬಗ್ಗಿ ನೋಡಿದರೆ,
ತಲೆಗೆರೆಯ ಮೇಲೆ, ಸರಿಯಾಗಿ ಅಲ್ಲೇ,
ಒಂದು ಬಿಳಿ ಚುಕ್ಕೆ.
ಸುಣ್ಣವೋ, ಕಾಗೆಯದ್ದೋ.
ಹುಡುಗನನ್ನು ಕೇಳಿದೆ. ಬಿಹಾರದವನು,
"ಮಾಲೂಮ್ ನಹೀ" ಎಂದು ಬರ್ಫು ಹಾಕಿದ ಗ್ಲಾಸು ಕೊಟ್ಟ.
ಉಗುರು ತಾಗಿಸಿ ನೋಡಬಹುದಿತ್ತು.
ನನ್ನ ಉಗುರೂ ಅಪ್ಪನದೇ.
ನೋಡಲಿಲ್ಲ.

ಮರಳುವಾಗ ಮಾಜಾಳಿ ನಾಕಾ.
ಬಾಟಲಿ ಹುಡುಕುತ್ತಿದ್ದ ಪೋಲೀಸ
ಚೀಲ ಅದುಮಿ, ಟವೆಲ್ಲಿನೊಳಗಿನ ಗಟ್ಟಿಯನ್ನು ಹಿಡಿದು
ಏನಿದು, ಅಂದ.
ಉಳಿ, ಅಂದೆ.
ಅವನು ಮುಂದಿನ ಸೀಟಿಗೆ ಹೋದ.