ಕಂಬಕ್ಕೆ ಯಾವ ಮರ

ಚಿಲೋಯೆ ದ್ವೀಪ, ಕಾಸ್ತ್ರೋ ಊರು. ಶಾಲೆಯ ಹಿಂಬದಿ,
ಗಾಳಿ ಹೋದ ಚೆಂಡುಗಳ ಕಪಾಟಿನೊಳಗೆ
ಒಂದು ಸರ್ವರ್. ಬ್ಯಾಂಕಿನವರು ಬಿಸಾಕಿದ್ದು.
ಎಡಗಡೆಯ ಫ್ಯಾನು
ನೆಗಡಿಯಾದವರ ಹಾಗೆ ಉಸಿರಾಡುತ್ತದೆ.
‘ಇದರ ಮೇಲೆ ಕಾಫಿ ಇಡಬೇಡಿ’ ಎಂದು ನಾನೇ ಬರೆದು ಅಂಟಿಸಿದ್ದೇನೆ.
ಆ ಚೀಟಿಯ ಮೇಲೆ ನನ್ನ ಲೋಟದ ಗುರುತು.

ಮೂವತ್ತೊಂದು ಮಕ್ಕಳು, ಮೂವತ್ತೊಂದು ಹಳೆ ಟ್ಯಾಬ್ಲೆಟ್ಟು;
ಒಂದರಲ್ಲೂ ಏನನ್ನೂ ಇಡಲು ಜಾಗವಿಲ್ಲ.
ಬ್ರೌಸರ್ ತೆರೆದರೆ ಎಡಿಟರ್:
ಕಪ್ಪು ಹಾಳೆ, ಅಂಚಿಗೆ ಸಾಲುಗಳ ಅಂಕಿ,
ಕಣ್ಣು ಮಿಟುಕಿಸುವ ಒಂದು ಗೆರೆ.
ಅವರು ಬರೆದದ್ದೆಲ್ಲ ಸಂಜೆ
ನನ್ನ ಕಪಾಟಿಗೆ ಬಂದು ಮಲಗುತ್ತದೆ.

ಕಳೆದ ನವೆಂಬರ್, ಪ್ರದರ್ಶನದ ಹಿಂದಿನ ರಾತ್ರಿ
ಪೆಟ್ಟಿಗೆ ತನ್ನನ್ನು ತಾನೇ ಹೊಸದು ಮಾಡಿಕೊಂಡಿತು.
ಯಾರನ್ನೂ ಕೇಳಲಿಲ್ಲ. ಕೇಳಬೇಡವೆಂದು ಅದಕ್ಕೆ ಕಲಿಸಿದ್ದವನು ಮೈಕೋಲ್:
“ನಿಂತ ನೀರು ಪಾಚಿ ಕಟ್ಟುತ್ತೆ, ಪ್ರೊಫೆಸೊರಾ,
ಉರುಳುತ್ತಲೇ ಇರಬೇಕು.”
ಬೆಳಿಗ್ಗೆ ನೋಡಿದರೆ ಒಂದು ಲೈಬ್ರರಿಗೆ
ಇನ್ನೊಂದರ ಮುಖಪರಿಚಯ ತಪ್ಪಿತ್ತು.
ಮೂವತ್ತೊಂದು ಪರದೆ. ಬಿಳಿ. ಸುಣ್ಣ ಬಳಿದಂತೆ.

ಯಾನಾರಾ ಚಿಗುವಾಯ್ ಅಳಲಿಲ್ಲ.
ಅವಳು ಬರೆದಿದ್ದದ್ದು ಉಬ್ಬರವಿಳಿತದ ಗಡಿಯಾರ,
ಏಳು ವಾರದ ಕೆಲಸ.
ಭಾನುವಾರದ ಕೋಟು ತೊಟ್ಟು ಬಂದಿದ್ದ ತಾತನ
ಕೈ ಹಿಡಿದು ಕಿಟಕಿಗೆ ಕರೆದೊಯ್ದಳು.
“ಈಗ ಇಳಿತ,” ಎಂದಳು. “ಅಲ್ಲಿ ನೋಡು.”

ಈಗ ಮಾರ್ಚ್. ಶಾಲೆ ಶುರುವಾಗಲು ನಾಲ್ಕು ದಿನ.
ಮೇಜಿನ ಮೇಲೆ ಮೂರು ಪೆನ್‌ಡ್ರೈವ್.
ಒಂದರಲ್ಲಿ ಮೈಕೋಲನ ಆರ್ಚ್, ಒಲೆಯಿಂದ ಈಗಷ್ಟೇ ಇಳಿದದ್ದು,
ಹಿಡಿದರೆ ಬೆರಳು ಸುಡುತ್ತದೆ.
ಇನ್ನೊಂದು ಉಬುಂಟು. ಐದು ವರ್ಷದ ಭಾಷೆ ಕೊಡುತ್ತದೆ,
ಆದರೆ ಬಾಗಿಲು ತೆರೆದಾಗಲೆಲ್ಲ ಏನೋ ಹೇಳಲು ನಿಂತಿರುತ್ತದೆ,
ದೋಣಿಕಟ್ಟೆಯಲ್ಲಿ ಸ್ವೆಟರ್ ಮಾರುವವರ ಹಾಗೆ.
ಮೂರನೆಯದು ಡೆಬಿಯನ್.
ಯಾವಾಗ ಬರ್ತೀಯ ಎಂದರೆ
ಆದಾಗ ಬರ್ತೀನಿ ಎನ್ನುವ ಜಾತಿ.
ಬರುವಷ್ಟರಲ್ಲಿ ಅದರ ಗಂಟಿನೊಳಗಿನದೆಲ್ಲ ಸ್ವಲ್ಪ ಹಳತು.
ಎಡಿಟರಿಗೋ ಹೊಸದೇ ಬೇಕು.
ಅಲ್ಲೇ ನಾನು ಮೂರು ರಾತ್ರಿ ಸಿಕ್ಕಿಕೊಂಡದ್ದು.

ಕಿಟಕಿಯ ಚಿಲಕ ಸರಿಮಾಡಲು ಬಂದ
ದೋನ್ ಎವಾರಿಸ್ತೋ ನಾವೆಲ್ಕೀನ್.
ಗಂಬೋವಾದಲ್ಲಿ ನೀರಿನ ಮೇಲೆ ನಿಂತ ಮನೆಗಳಲ್ಲಿ
ಅರ್ಧಕ್ಕೆ ಇವನೇ ಕಾಲು ಕೊಟ್ಟವನು.
ಸುಮ್ಮನೆ ಕೇಳಿದೆ: ಕಂಬಕ್ಕೆ ಯಾವ ಮರ?
“ಸೈಪ್ರೆಸ್. ದಕ್ಷಿಣದ ದ್ವೀಪಗಳದ್ದು.”
ಹೊಸದಾಗಿ ಕಡಿದದ್ದಾ?
ನಕ್ಕ. ಬಾಯಲ್ಲಿ ಎರಡು ಮೊಳೆ ಇದ್ದವು.
“ಕಾಡು ಸುಟ್ಟ ಮೇಲೂ ನಿಂತೇ ಇದ್ದದ್ದು.
ಸತ್ತು ಐವತ್ತು ವರ್ಷ ಆದರೂ ಬೀಳೋದಕ್ಕೆ ಒಪ್ಪದ್ದು.”
ಮತ್ತೆ, ಮೊಳೆ ತೆಗೆದು:
“ಮೇಲಿನ ಹಲಗೆ ಏನಾದರೂ ಹಾಕಿಕೊ, ತಾಯಿ.
ಹಳದಿ ಬಳಿ, ವರ್ಷಕ್ಕೊಮ್ಮೆ ಕಿತ್ತು ಬದಲಾಯಿಸು.
ಕೆಳಗಿನದನ್ನ ಬದಲಾಯಿಸಬೇಕಂದ್ರೆ
ಮನೆಯನ್ನೇ ಎತ್ತಬೇಕು. ಊರನ್ನೆಲ್ಲ ಕರೀಬೇಕು.
ಹೋರಿಗಳಿಗೆ ಹುಲ್ಲು, ಜನಕ್ಕೆ ಊಟ ಬೇರೆ.”
ಚಿಲಕ ಕೂತಿತು. ದುಡ್ಡು ಬೇಡವೆಂದ, ಆಮೇಲೆ ತೆಗೆದುಕೊಂಡ.

ಆ ರಾತ್ರಿ ಡೆಬಿಯನ್ ಇಳಿಸಿದೆ.
ಎಡಿಟರನ್ನು ಒಂದು ಕಂಟೇನರಿನಲ್ಲಿ ಕೂರಿಸಿ ಮೇಲಿಟ್ಟೆ;
ಕೆಟ್ಟರೆ ಒಂದು ಹಲಗೆ ಕೆಟ್ಟೀತು.
ಭದ್ರತೆಯ ತೇಪೆಗಳಿಗಷ್ಟೇ ಬಾಗಿಲು, ಅದೂ ಭಾನುವಾರ.
ಪೆಟ್ಟಿಗೆಗೆ ಹೆಸರು ಕೊಡು ಎಂದಿತು.
ಬಹಳ ಹೊತ್ತು ಕೂತೆ. ಫ್ಯಾನು ಸೀನಿತು.
ಯಾವುದೋ ಹೆಸರು ಕೊಟ್ಟೆ.

ಇದೂ ಒಂದು ದಿನ ಮುಗಿಯುತ್ತದೆ, ಗೊತ್ತು.
ಐದು ವರ್ಷಕ್ಕೆ ಬೆಂಬಲ ತೀರುತ್ತದೆ,
ಯಾನಾರಾಗೆ ಆಗ ಹದಿನೇಳು,
ನಾನೊಬ್ಬಳೇ ಮನೆ ಎತ್ತಬೇಕು, ಹೋರಿಗಳಿಲ್ಲದೆ.

“ಇದು ಅಜ್ಜಿಯರ ಸಿಸ್ಟಮ್,” ಎಂದ ಮೈಕೋಲ್.
ಆದರೂ ಮಕ್ಕಳು ಬರುವ ಮುಂಚೆ
ಒಂದೊಂದು ಟ್ಯಾಬ್ಲೆಟ್ಟಿನಲ್ಲೂ ಪುಟ ತೆರೆದು ನೋಡಿದ,
ಮೂವತ್ತೊಂದನ್ನೂ.

ಯಾನಾರಾ ತನ್ನ ಹಳೆಯ ಫೈಲು ತೆರೆದಳು.
ಅದು ನವೆಂಬರಿನ ಸಮುದ್ರವನ್ನೇ ತೋರಿಸುತ್ತಿತ್ತು.
ಒಂದು ಸಾಲು ಅಳಿಸಿದಳು.
ಕಿಟಕಿಯಾಚೆ ಕಂಬಗಳ ಯಾವ ಗೆರೆವರೆಗೆ ನೀರಿದೆ ಎಂದು
ಕತ್ತು ಚಾಚಿ ನೋಡಿ,
ಬಂದು ಕೂತು,
ಬರೆದಳು.