ಅಂಕ

ಮೇ ತಿಂಗಳ ಹಂಪನಕಟ್ಟೆ. ಮೌಲ್ಯಮಾಪನದ ಕೊಠಡಿ.
ಮೂರು ಫ್ಯಾನಿನಲ್ಲಿ ತಿರುಗುವುದು ಒಂದು,
ಅದರಡಿ ಮುಖ್ಯ ಪರೀಕ್ಷಕರು, ಐತಾಳರು.
ಉಳಿದವರು ಬೆವರುತ್ತೇವೆ.
ಉತ್ತರ ಪತ್ರಿಕೆ ಮೊಣಕೈಗೆ ಅಂಟಿ
ಬಿಡಿಸಿದರೆ ಚರ್ಮದ ಮೇಲೆ ಯಾರದೋ ನೀಲಿ ಅಕ್ಷರ, ತಿರುಗುಮುರುಗು.

ಪ್ರಶ್ನೆ ಹದಿನಾಲ್ಕು:
ಕೇತಕಿಯ ಪಾತ್ರವನ್ನು ವಿಶ್ಲೇಷಿಸಿ.
ನಾಟಕಕ್ಕೆ ಐದು ಅಂಕ, ಪ್ರಶ್ನೆಗೆ ಹತ್ತು ಅಂಕ
(ನಮ್ಮ ಕಡೆ ಕೋಳಿಗೂ ಅಂಕವೇ, ಕಾಲಿಗೆ ಬಾಳು ಕಟ್ಟಿ).
ಪಕ್ಕದಲ್ಲಿ ಅಚ್ಚಾದ ಹಂಚಿಕೆ:
ಮುಗ್ಧತೆಗೆ ಎರಡು, ಪಿತೃಭಕ್ತಿಗೆ ಎರಡು,
ಪ್ರೇಮಕ್ಕೆ ಎರಡು, ಸಾವಿಗೆ ನಾಲ್ಕು.

ನಲವತ್ತೊಂದು ಪತ್ರಿಕೆಗಳಲ್ಲಿ ಅವಳು
"ಬಿರುಗಾಳಿಗೆ ಸಿಕ್ಕ ಎಳೆಬಳ್ಳಿ".
ಕೈಬರಹ ಬೇರೆ ಬೇರೆ, ಬಳ್ಳಿ ಒಂದೇ.

ಆ ಬಳ್ಳಿ ನನ್ನದು.
ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ
ನಿಧಾನ ಹೇಳಿ ಬರೆಸಿದ್ದೆ, ಅಲ್ಪವಿರಾಮ ಸಮೇತ.
ಅದು ಜೆರಾಕ್ಸ್ ಆಗಿ, ಗೈಡ್ ಆಗಿ,
ಸುಳ್ಯ ಗಂಗೊಳ್ಳಿ ಸುತ್ತಿ
ಈಗ ನನ್ನ ಕೆಂಪು ಪೆನ್ನಿನ ಕೆಳಗೇ ಬಂದು ಮಲಗಿದೆ.
ಎರಡು ಅಂಕ ಕೇಳುತ್ತದೆ.
ಕೊಡುತ್ತೇನೆ. ಮತ್ತೆಂತ ಮಾಡಲಿ.

ನಲವತ್ತೆರಡನೆಯದು ಹೀಗೆ ಶುರು:
"ಕೇತಕಿಗೆ ಹದಿನೇಳು ವರ್ಷ.
ಅವಳ ಮಾತುಗಳನ್ನು ಎಣಿಸಿದ್ದೇನೆ, ಇಪ್ಪತ್ತೇಳು ಉಂಟು.
ಹದಿನಾರು, ಬೇರೆಯವರು ಕೇಳಿದ್ದಕ್ಕೆ ಉತ್ತರ.
ಹತ್ತು, ಹೌದು ತಂದೆಯೇ.
ಅವಳಾಗಿ ಕೇಳಿದ್ದು ಒಂದೇ:
ಕೊನೆಯ ದೋಣಿ ಎಷ್ಟು ಹೊತ್ತಿಗೆ?"

ಟಿಪ್ಪಣಿಕಾರರೆಲ್ಲ ಇಲ್ಲಿ ನಿಟ್ಟುಸಿರು ಬಿಟ್ಟಿದ್ದಾರೆ:
ಕೊಟ್ಟ ಮಾತಿಗೆ ಅಪ್ಪ ಮಗಳನ್ನು ತೂಗಿ ಕೊಟ್ಟ ರಾತ್ರಿ
ದೋಣಿಯ ಹೊತ್ತು ಕೇಳುವುದೆಂದರೆ
ಬುದ್ಧಿ ಕದಡಿದ ಗುರುತು.
ನಾನೂ ಹಾಗೇ ಬರೆಸಿದ್ದು, ಅಡಿಗೆರೆ ಎಳೆಸಿ.

"ನಾನು ದಿನಾ ಬೆಂಗ್ರೆಯಿಂದ ದೋಣಿಯಲ್ಲಿ ಬರುವುದು.
ಹೊತ್ತು ಕೇಳುವವರು ಸಾಯಲಿಕ್ಕೆ ಹೋಗುವುದಿಲ್ಲ ಸರ್.
ಸಾಯಲಿಕ್ಕೆ ದೋಣಿ ಯಾಕೆ?"
ಸರ್ ಅಂತೆ. ಇರಲಿ.
"ಅವಳಿಗೆ ಆಚೆ ದಡದಲ್ಲಿ ಎಂತದೋ ಕೆಲಸ ಇತ್ತು.
ನಾಟಕದಲ್ಲಿ ಆಚೆ ದಡ ಇಲ್ಲ,
ಬರೆದವರು ಈಚೆಗೇ ಕೂತು ಬರೆದಿದ್ದಾರೆ.
ಎರಡನೇ ಅಂಕದಲ್ಲಿ ಬಳೆ ತೆಗೆದು ಸಖಿಗೆ ಕೊಡುತ್ತಾಳೆ,
ತ್ಯಾಗ ಎನ್ನುತ್ತಾರೆ.
ಬಳೆ ಸದ್ದು ಮಾಡುತ್ತದೆ. ಹೊರಡುವವರು ಮೊದಲು ತೆಗೆಯುವುದು ಬಳೆ.
ಇದು ನನಗೆ ಗೊತ್ತುಂಟು."

ನನ್ನ ಬಳೆ ಮೇಜಿಗೆ ತಾಗಿತು.
ಪಕ್ಕದ ಜಸಿಂತಾ ತಲೆ ಎತ್ತಿ ನೋಡಿದಳು.

"ಅವಳು ಮುಳುಗಿದ್ದನ್ನು ಯಾರೂ ನೋಡಿದ್ದಿಲ್ಲ,
ಅಂಬಿಗ ಬಂದು ಹೇಳುವುದು.
ಅಂಬಿಗನಿಗೆ ಸಂಬಳ ಕೊಡುವುದು ಅವಳ ಅಪ್ಪ.
ಆದ್ದರಿಂದ ಕೇತಕಿಯ ಪಾತ್ರ"

ಅಲ್ಲಿಗೆ ನಿಂತಿದೆ. ಗೆರೆ ದಾಟಿ ಓಡುವ ಅಕ್ಷರದಲ್ಲಿ
"ಬೆಲ್ ಆಯಿತು".

ಹಂಚಿಕೆಯ ಪ್ರಕಾರ ಕೂಡಿಸಿ ನೋಡಿದೆ.
ಮುಗ್ಧತೆ ಇಲ್ಲ. ಪಿತೃಭಕ್ತಿ ಇಲ್ಲ. ಪ್ರೇಮದ ಸುದ್ದಿಯೇ ಇಲ್ಲ.
ಸಾವನ್ನೂ ಒಪ್ಪಿಲ್ಲ. ಮೊತ್ತ ಸೊನ್ನೆ.
"ಊರಿನ ಹೆಸರು ಬೇರೆ ಬರೆದಿದ್ದಾಳಲ್ಲ ಮಾರಾಯ್ರೆ,"
ಗೋಳಿಬಜೆಯ ಎಣ್ಣೆ ಕಾಗದಕ್ಕೆ ಒತ್ತುತ್ತ ಐತಾಳರು ಅಂದರು.

ಮಧ್ಯಾಹ್ನ ಊಟ ಬಿಟ್ಟು ಪಠ್ಯ ತೆಗೆದೆ,
ಪೆನ್ಸಿಲ್ ಹಿಡಿದು ನಾನೂ ಎಣಿಸಿದೆ.
ಇಪ್ಪತ್ತೆಂಟು.
ಒಂದು ಬಿಟ್ಟುಹೋಗಿದೆ ಹುಡುಗಿಗೆ, ನನಗೆ ಇಷ್ಟು ವರ್ಷ:
ಐದನೇ ಅಂಕ, ತೆರೆಯ ಹಿಂದಿನಿಂದ, "ಬಂದೆ."
ಯಾರಿಗೆ ಹೇಳಿದ್ದೆಂದು ಪುಸ್ತಕದಲ್ಲಿ ಇಲ್ಲ.

ಒಂಬತ್ತು ಕೊಟ್ಟೆ.
ಒಂದು ಕಳೆದೆ, ಬಿಟ್ಟ ಆ ಮಾತಿಗೆ.
ಐತಾಳರು ಸಹಿ ಹಾಕುವಾಗ ಕನ್ನಡಕ ತೆಗೆದಿಟ್ಟಿದ್ದರು.

ಸಂಜೆ ಬಸ್ಸು ಹತ್ತದೆ ಬಂದರಿನ ಕಡೆ ಇಳಿದೆ.
ಮೀನಿನ ಲಾರಿಯಿಂದ ಐಸಿನ ನೀರು ತೊಟ್ಟಿಕ್ಕಿ
ಸೀರೆಯ ಅಂಚು ನೆನೆಯಿತು.
ಆಚೆ ಬೆಂಗ್ರೆ, ಒಂದೆರಡು ದೀಪ.
ಹಗ್ಗ ಸುತ್ತುತ್ತಿದ್ದವನನ್ನು ಕೇಳಿದೆ,
ಕೊನೆಯ ದೋಣಿ ಎಷ್ಟು ಹೊತ್ತಿಗೆ?

ಅವನಿಗೆ ಏನೂ ವಿಚಿತ್ರ ಅನಿಸಲಿಲ್ಲ.
"ಎಂಟಕ್ಕೆ," ಅಂದ. "ಹೋಗುವುದುಂಟಾ ಟೀಚರ್,
ಅಲ್ಲ ಸುಮ್ಮನೆ ಕೇಳಿದ್ದಾ?"