ಒಗೆಯಲು ಬಟ್ಟೆ ಇಲ್ಲದವರು

ಈ ಚಳಿಗಾಲ ನೋಡಿದ್ದು ನಾಲ್ಕು ಅನಿಮೆ.
ಎರಡನ್ನು ಪೂರ್ತಿ, ಒಂದನ್ನು ಅರ್ಧ,
ನಾಲ್ಕನೆಯದು, ತಾಳಿ, ಅದಕ್ಕೂ ಬರುತ್ತೇನೆ.

ಹಾಚಿನೊಹೆ ಬಂದರಿನ ಹಿಂದೆ, ಐಸ್ ಕಾರ್ಖಾನೆಗೆ ಅಂಟಿದಂತೆ
ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ. ರಾತ್ರಿ ಪಾಳಿ ನನ್ನದು.
ಒಂದೂವರೆಯಾದ ಮೇಲೆ ಗೋಡೆಯ ಟಿವಿ ಅನಿಮೆಗೇ ಮೀಸಲು.
ಸ್ಕ್ವಿಡ್ ದೋಣಿಯ ತ್ಸುಬೊತಾ ಒದ್ದೆ ಸ್ವೆಟರು ತಂದು ಹಾಕಿ
ಪಕ್ಕದಲ್ಲಿ ಕೂರುತ್ತಾನೆ. ಅವನಿಗೆ ಎಲ್ಲವೂ ಇಷ್ಟ.
ಎಲ್ಲವೂ ಇಷ್ಟ ಎನ್ನುವವನ ಜೊತೆ ನೋಡುವುದೆಂದರೆ
ಉಪ್ಪಿಲ್ಲದ ಸಾರು ಕುಡಿದ ಹಾಗೆ.

ಮೊದಲನೆಯದು ಕತ್ತಿ ಹುಡುಗನದು.
ಹೊಡೆಯುವ ಮೊದಲು ಏಟಿನ ಹೆಸರನ್ನು ಕೂಗುತ್ತಾನೆ,
ಅದೂ ಏಳೆಂಟು ಪದದ ಹೆಸರು.
ಭೂತ ಪಾಪ, ಮುಗಿಯುವವರೆಗೂ ನಿಂತು ಕೇಳುತ್ತದೆ.
ನಮ್ಮ ಮನೆಯವರು ಮೂವತ್ತು ವರ್ಷದಲ್ಲಿ ಒಮ್ಮೆಯೂ
ನನ್ನ ಮಾತನ್ನು ಅಷ್ಟು ತಾಳ್ಮೆಯಿಂದ ಕೇಳಿದವರಲ್ಲ.
ಊರಿಗೆ ಊರೇ ಹೊಟ್ಟೆಗಿಲ್ಲದೆ ಬಿದ್ದಿದೆ,
ಇವನ ಜುಟ್ಟು ಮಾತ್ರ ನೆಟ್ಟಗೆ.
ಆದರೂ ಹನ್ನೆರಡೂ ಕಂತು ನೋಡಿದೆ. ಸುಳ್ಳು ಹೇಳಲಾರೆ.
ಹುಡುಗನ ತಂಗಿ ಬಾವಿಗೆ ಬಗ್ಗಿ ತನ್ನ ಹೆಸರು ಕೂಗಿದಾಗ
ಬಾವಿ ಸ್ವಲ್ಪ ತಡವಾಗಿ ಓಗೊಟ್ಟಿತಲ್ಲ,
ಆಗ ಕೈಯಲ್ಲಿದ್ದ ಒಂದೇ ಟವೆಲನ್ನು ಮೂರು ಸಲ ಮಡಿಸಿದೆ.

ಎರಡನೆಯದು ಉಕ್ಕಿನ ದೈತ್ಯರ ಯುದ್ಧ. ಆರನೇ ಕಂತಿಗೆ ಬಿಟ್ಟೆ.
ಲೋಕ ಉಳಿಸುವ ಹೊಣೆ ಯಾಕೆ ಯಾವಾಗಲೂ
ಹದಿನಾಲ್ಕರ ಮಕ್ಕಳ ಮೇಲೆ? ದೊಡ್ಡವರೆಲ್ಲ
ಗಾಜಿನ ಕೋಣೆಯಲ್ಲಿ ನಿಂತು ಗಡಿಯಾರ ನೋಡುತ್ತಾರೆ.
ತ್ಸುಬೊತಾ ಹೇಳಿದ: ನಾನು ದೋಣಿ ಹತ್ತಿದ್ದು ಹದಿನೈದಕ್ಕೆ.
ಮುಂದೆ ಅದರ ಬಗ್ಗೆ ನಾವು ಮಾತಾಡಲಿಲ್ಲ.

ಮೂರನೆಯದು ಅಡುಗೆಯದು. ಅನ್ನದ ಹಬೆ ಬಿಡಿಸಿದ ಕೈಗೆ
ನಮಸ್ಕಾರ. ಮನುಷ್ಯರನ್ನು ಬಿಡಿಸಿದ ಕೈ ಬೇರೆ ಯಾರದೋ.
ಮೊಟ್ಟೆಯ ಹಳದಿಗಿರುವ ಹೊಳಪು ನಾಯಕಿಯ ಕಣ್ಣಿಗಿಲ್ಲ.

ನಾಲ್ಕನೆಯದರಲ್ಲಿ ಏನೂ ನಡೆಯುವುದಿಲ್ಲ.
ಕೆಲಸ ಬಿಟ್ಟ ಹುಡುಗಿ ಊರೂರು ಅಲೆಯುತ್ತಾಳೆ, ಆಕಳಿಸುತ್ತಾಳೆ.
ನಾನೂ ಆಕಳಿಸಿದೆ. ಒಂಬತ್ತನೇ ಕಂತು.
ಹೊರಗೆ ಹಿಮ, ಅವಳೊಂದು ಲಾಂಡ್ರಿಗೆ ನುಗ್ಗುತ್ತಾಳೆ.
ಗುಂಡು ಗಾಜಿನೊಳಗೆ ಬಟ್ಟೆ ಮೇಲೇರಿ,
ಅಲ್ಲೇ ಒಂದು ಗಳಿಗೆ ಯೋಚಿಸಿ, ಬೀಳುತ್ತದೆ.
ಅಂಗಿಯ ತೋಳೊಂದು ಗಾಜಿಗೆ ಅಂಟಿ ಜಾರುತ್ತದೆ.
ಹೌದು. ಹಾಗೇ ಬೀಳುವುದು. ಕೂತು ನೋಡದವರಿಗೆ ಇದು
ಹೇಗೆ ಗೊತ್ತು?
ಆಮೇಲೆ ಏಳನೇ ಯಂತ್ರ. ನೀರು ಹಿಂಡುವಾಗ
ನಡುಗುತ್ತ ಎರಡು ಬೆರಳು ಮುಂದೆ ಬರುತ್ತದೆ,
ಅದರ ಕಾಲಿಗೆ ಮಡಿಸಿದ ರಟ್ಟು, ರಟ್ಟಿನ ಮೇಲೆ ಸೇಬಿನ ಚಿತ್ರ.
ಆ ರಟ್ಟು ತುರುಕಿದವಳು ನಾನು.

ಇದು ನಮ್ಮದು, ಅಂದ ತ್ಸುಬೊತಾ, ಎದ್ದು ನಿಂತು.

ಎರಡು ವರ್ಷದ ಹಿಂದೆ, ಫೆಬ್ರವರಿ. ಒಬ್ಬಳು
ಮೂರು ರಾತ್ರಿ ಬಂದಳು. ಬಟ್ಟೆಯ ಚೀಲವಿಲ್ಲ,
ಮೊಣಕಾಲ ಮೇಲೆ ಪುಸ್ತಕ, ಬೆರಳಿಗೆ ಪೆನ್ಸಿಲ್ಲಿನ ಕಪ್ಪು.
ಮೂರನೇ ರಾತ್ರಿ ಗೋಡೆಯ ಫಲಕ ತೋರಿಸಿದೆ:
ಒಗೆಯಲು ಬಟ್ಟೆ ಇಲ್ಲದವರು ಇಲ್ಲಿ ಕೂರಬಾರದು.
ಅವಳು ತಲೆಬಾಗಿ, ಕತ್ತಿನ ಮಫ್ಲರ್ ಬಿಚ್ಚಿ,
ಏಳನೇ ಯಂತ್ರಕ್ಕೆ ಅದೊಂದನ್ನೇ ಹಾಕಿ, ನಾಣ್ಯ ತುಂಬಿ
ಮತ್ತೆ ಕೂತಳು. ಹೋಗುವಾಗ ಒಣಗಿಸಲು ಚಿಲ್ಲರೆ ಇರಲಿಲ್ಲವೇನೋ,
ಹಸಿ ಮಫ್ಲರನ್ನೇ ಸುತ್ತಿಕೊಂಡು ಹಿಮದೊಳಗೆ ಹೋದಳು.
ನನ್ನ ಜೇಬಿನಲ್ಲಿ ಚಿಲ್ಲರೆ ಇತ್ತು.

ಕಂತು ಮುಗಿದು ಹೆಸರುಗಳು ಓಡಿದವು, ಇರುವೆ ಸಾಲು.
ಅವಳ ಹೆಸರು ಕೇಳಿರಲಿಲ್ಲ,
ಹಾಗಾಗಿ ಎಲ್ಲವನ್ನೂ ಓದಬೇಕಾಯಿತು.

ಅಭಿಪ್ರಾಯ ಕೇಳಿದರೆ: ಕತೆ ಸಪ್ಪೆ, ಹುಡುಗಿ ಸೋಮಾರಿ,
ಪಿಯಾನೋ ಅತಿಯಾಯಿತು.
ಇನ್ನೊಂದು. ಹನ್ನೊಂದು ಸೆಕೆಂಡಿನ ಆ ಅಂಗಡಿಯ ಮೂಲೆಯಲ್ಲಿ
ಟವೆಲು ಮಡಿಸುವ ಹೆಂಗಸೊಬ್ಬಳ ಬೆನ್ನು ಇದೆ. ಮುಖ ಬಿಡಿಸಿಲ್ಲ.
ನನ್ನ ಬೆನ್ನು ಅಷ್ಟು ಬಾಗಿಲ್ಲ.
ತ್ಸುಬೊತಾನನ್ನು ಕೇಳಿದೆ, ಬಾಗಿದೆಯಾ ಎಂದು.
ಸ್ವೆಟರು ಒಣಗಿತೋ ನೋಡುತ್ತೇನೆ ಎಂದು
ಅವನು ಡ್ರೈಯರಿನತ್ತ ನಡೆದ.